ಪಾರ್ಕಿನಲ್ಲಿ ಎರಡು ವಾರ ಇದ್ದು ಚಿತ್ತಾರ ಬರೆಯಬೇಕು. ಬೆಟ್ಟವನ್ನು ಏನು ಮಾಡಲಿ?

ಕೆಮ್ಮಣ್ಣು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಸಾಗರ ತಾಲ್ಲೂಕಿನವಳು. ಈಗ ಕೊಲೊರಾಡೊದಲ್ಲಿ, ಡೆನ್ವರ್ ಹತ್ತಿರ ಇದ್ದೇನೆ. ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್, ರಾತ್ರಿ ಮಗಳು ಮಲಗಿದ ಮೇಲೆ ಚಿತ್ತಾರ. ಅಜ್ಜಿ ಕಲಿಸಿದ್ದು. ನಮ್ಮ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆ ಬರೆಯುತ್ತಾರಲ್ಲ, ಅದೇ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ.

ಗೆಳತಿಯೊಬ್ಬಳು ಒತ್ತಾಯ ಮಾಡಿದಳು ಅಂತ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನ ಕಲಾವಿದರ ರೆಸಿಡೆನ್ಸಿಗೆ ಅರ್ಜಿ ಹಾಕಿದ್ದೆ. ಸಿಕ್ಕಿಬಿಟ್ಟಿದೆ! ಸೆಪ್ಟೆಂಬರ್‌ನಲ್ಲಿ ಎರಡು ವಾರ, ಪಾರ್ಕಿನ ಒಳಗಿನ ಮರದ ಮನೆಯಲ್ಲಿ ಒಬ್ಬಳೇ. ಎರಡು ಸಲ ಜನರ ಮುಂದೆ ಮಾತಾಡಬೇಕು. ಆಮೇಲೆ ಒಂದು ಕೃತಿಯನ್ನು ಪಾರ್ಕಿಗೆ ಕೊಡಬೇಕು.

ಮೊದಲ ವಾರ ಖುಷಿಯಲ್ಲೇ ಹೋಯಿತು. ಈಗ ಹೊಟ್ಟೆಯಲ್ಲಿ ತಳಮಳ. ಅರ್ಜಿಯಲ್ಲಿ ಜಂಬದಿಂದ ‘ಹನ್ನೆರಡು ಶಿಖರಗಳನ್ನು ಚಿತ್ತಾರದಲ್ಲಿ ಬರೆಯುತ್ತೇನೆ’ ಅಂತ ಬರೆದಿದ್ದೆ. ಆದರೆ ನಮ್ಮನೆ ಹಸೆಗೋಡೆಯಲ್ಲಿ ಬೆಟ್ಟ ನೋಡಿದ ನೆನಪೇ ನನಗಿಲ್ಲ. ತೇರು ಇದೆ, ದಂಡಿಗೆ ಇದೆ, ಹಕ್ಕಿ ಇದೆ, ಸಾಲಾಗಿ ನಿಂತ ಜನ ಇದ್ದಾರೆ. ಬೆಟ್ಟ ಇಲ್ಲ. ಕೂತು ನಾಲ್ಕು ಸಲ ಬರೆದು ನೋಡಿದೆ. ಸಮೋಸ ಸಾಲಾಗಿ ಇಟ್ಟ ಹಾಗೆ ಕಂಡಿತು.

ಇನ್ನೊಂದು, ಅಮ್ಮನಿಗೆ ಊರಿನ ಕೆಮ್ಮಣ್ಣು ಒಂದು ಕಿಲೋ ಪಾರ್ಸೆಲ್ ಮಾಡು ಅಂದಿದ್ದೇನೆ. ಅದು ಬರದಿದ್ದರೆ ಪಾರ್ಕಿನದೇ ಮಣ್ಣು ತೆಗೆದು ಬಣ್ಣ ಮಾಡಬಹುದಾ? ಅಲ್ಲಿಯ ಮಣ್ಣಿನಲ್ಲೇ ಅಲ್ಲಿಯ ಚಿತ್ರ ಅಂದರೆ ಚೆಂದ ಅಲ್ವಾ?

ಯಾರಾದರೂ ಇಂಥ ಕಡೆ ಇದ್ದು ಬಂದಿದ್ದರೆ ಹೇಳಿ. ಬೇರೆ ಪಾರ್ಕ್ ಆದರೂ ಆದೀತು.

ಪೊಂಡೆರೋಸಾ

ಅಭಿನಂದನೆ! ಮೊದಲು ಅಮ್ಮನಿಗೆ ಫೋನ್ ಮಾಡಿ ಪಾರ್ಸೆಲ್ ನಿಲ್ಲಿಸಿ. ಹೊರದೇಶದ ಮಣ್ಣು ಅಮೆರಿಕಕ್ಕೆ ಬರಬೇಕಾದರೆ ಕೃಷಿ ಇಲಾಖೆಯ ಪರವಾನಗಿ ಬೇಕು. ಮಣ್ಣಿನ ಜೊತೆ ರೋಗ, ಹುಳು ಬರುತ್ತವೆ ಎನ್ನುವ ಭಯ ಅವರಿಗೆ. ಪಾರ್ಕಿನ ಮಣ್ಣಂತೂ ಮುಟ್ಟುವ ಹಾಗೇ ಇಲ್ಲ. ಕಲ್ಲು, ಎಲೆ, ಗರಿ, ಉದುರಿದ ಕೊಂಬು, ಯಾವುದನ್ನೂ ತೆಗೆಯುವಂತಿಲ್ಲ. ಕಲಾವಿದೆ ಅಂತ ರಿಯಾಯಿತಿ ಇಲ್ಲ.

ನಾನು ಕೆಲವು ವರ್ಷಗಳ ಹಿಂದೆ ಇದೇ ಪಾರ್ಕಿನಲ್ಲಿ, ಇದೇ ಮನೆಯಲ್ಲಿ ಎರಡು ವಾರ ಇದ್ದೆ. ಜಲವರ್ಣದ ಕೆಲಸ ನನ್ನದು. ಮೊರೇನ್ ಪಾರ್ಕ್ ಅನ್ನೋ ದೊಡ್ಡ ಹುಲ್ಲುಗಾವಲಿನ ಅಂಚಿನಲ್ಲಿ ಆ ಮನೆ. ಕ್ಯಾನ್ಸಸ್‌ನ ಪತ್ರಿಕಾ ಸಂಪಾದಕ ವಿಲಿಯಂ ಅಲೆನ್ ವೈಟ್ ಬೇಸಿಗೆ ಕಳೆಯಲು ಬರುತ್ತಿದ್ದ ಮನೆ ಅದು. ಜಗಲಿಯಲ್ಲಿ ಕೂತರೆ ಎದುರಿಗೆ ಹುಲ್ಲು, ಹುಲ್ಲಿನ ನಡುವೆ ಬಿಗ್ ಥಾಮ್ಸನ್ ಹೊಳೆ, ಅದರಾಚೆ ಬೆಟ್ಟದ ಮೇಲೆ ಬೆಟ್ಟ.

ಆ ನೋಟವೇ ನನ್ನನ್ನು ಕೆಡಿಸಿದ್ದು.

ಮೊದಲ ಆರು ದಿನ ಬರೀ ಶಿಖರ ಬಿಡಿಸಿದೆ. ಲಾಂಗ್ಸ್ ಪೀಕ್ ಒಂದನ್ನೇ ಹನ್ನೊಂದು ಸಲ. 14,259 ಅಡಿ ಎತ್ತರದ್ದು, ಎಲ್ಲಿ ನಿಂತರೂ ‘ನನ್ನನ್ನು ಬಿಡಿಸು’ ಅಂತ ಕರೆಯುತ್ತದೆ. ಹನ್ನೊಂದೂ ಸೊಸೈಟಿ ಬ್ಯಾಂಕಿನ ಕ್ಯಾಲೆಂಡರ್ ಥರ ಬಂದವು. ತಪ್ಪು ಎಲ್ಲಿ ಅಂತ ಆಗ ಗೊತ್ತಾಗಲಿಲ್ಲ. ಈಗ ಗೊತ್ತು. ಆ ಬೆಟ್ಟವನ್ನು ನಾನು ನೋಡುವುದಕ್ಕೆ ಮೊದಲೇ ಬೇರೆಯವರು ನನಗೆ ನೋಡಿಕೊಟ್ಟಿದ್ದರು. ಆಲ್ಬರ್ಟ್ ಬೀರ್‌ಸ್ಟಾಟ್ ಅನ್ನೋ ಚಿತ್ರಕಾರ 1870ರ ದಶಕದಲ್ಲೇ ಇಲ್ಲಿಗೆ ಬಂದು ಇದೇ ಲಾಂಗ್ಸ್ ಪೀಕನ್ನು ಭಾರೀ ಕ್ಯಾನ್ವಾಸಿನಲ್ಲಿ ಮಾಡಿಹೋಗಿದ್ದಾನೆ. ಪಾರ್ಕಿನಲ್ಲಿ ಅವನ ಹೆಸರಿನ ಕೆರೆಯೇ ಇದೆ. ಈ ದೇಶದಲ್ಲಿ ಪಾರ್ಕೂ ಪೇಂಟಿಂಗೂ ಹಳೇ ನೆಂಟರು. ಥಾಮಸ್ ಮೊರಾನ್ 1871ರಲ್ಲಿ ಸರ್ವೆ ತಂಡದ ಜೊತೆ ಯೆಲ್ಲೋಸ್ಟೋನಿಗೆ ಹೋಗಿ ಚಿತ್ರ ಮಾಡಿಕೊಂಡು ಬಂದ. ಮರುವರ್ಷ ಮಾರ್ಚ್‌ನಲ್ಲಿ ಅದು ನ್ಯಾಷನಲ್ ಪಾರ್ಕ್ ಆಯಿತು. ಅವನ ಒಂದು ದೊಡ್ಡ ಚಿತ್ರವನ್ನು ಅಮೆರಿಕದ ಸಂಸತ್ತು 10,000 ಡಾಲರ್ ಕೊಟ್ಟು ಕೊಂಡುಕೊಂಡಿತು. ಅಂಥವರು ಮಾಡಿಟ್ಟ ಬೆಟ್ಟವನ್ನು ನನ್ನ ಹತ್ತಿಂಚಿನ ಹಾಳೆಯಲ್ಲಿ ಮತ್ತೆ ಮಾಡಲು ಹೊರಟಿದ್ದೆ.

ಏಳನೇ ದಿನ ಬೇಜಾರಾಗಿ ಪೇಂಟೇ ಬಿಟ್ಟು, ಕಾಡು ಸುಟ್ಟ ಕಡೆಗೆ ನಡೆದೆ. 2020ರ ಅಕ್ಟೋಬರ್‌ನಲ್ಲಿ ಈಸ್ಟ್ ಟ್ರಬಲ್‌ಸಮ್ ಅನ್ನೋ ಕಾಡ್ಗಿಚ್ಚು ಪಶ್ಚಿಮದಿಂದ ಬಂತು. ನಡುವೆ ಮರವೇ ಇಲ್ಲದ ಬೋಳು ಬಂಡೆಯ ಏಣು ಇದೆ, ಬೆಂಕಿ ಅಲ್ಲಿ ನಿಲ್ಲುತ್ತದೆ ಅಂದುಕೊಂಡಿದ್ದರಂತೆ. ಕಿಡಿ ಗಾಳಿಯಲ್ಲಿ ಹಾರಿ ಅದನ್ನೂ ದಾಟಿ ಈಚೆ ಕಡೆ ಹತ್ತಿಕೊಂಡಿತು. ಸುಟ್ಟ ಮರಗಳು ಇನ್ನೂ ನಿಂತಿವೆ. ಕಪ್ಪು ಕಂಬಗಳು, ಬುಡದಲ್ಲಿ ಗುಲಾಬಿ ಬಣ್ಣದ ಫೈರ್‌ವೀಡ್ ಹೂವು. ಕಾಲ ಬಳಿ ಅಂಗೈಯಷ್ಟು ಇದ್ದಿಲ ತುಂಡು ಬಿದ್ದಿತ್ತು. ಈ ಕಾಡನ್ನು ಈ ಕಾಡಿನ ಇದ್ದಿಲಿನಲ್ಲೇ ಬಿಡಿಸಬೇಕು ಅಂತ ಆಸೆಯಾಯಿತು. ನೀವು ಮಣ್ಣಿನ ವಿಷಯದಲ್ಲಿ ಕೇಳಿದ್ದೂ ಇದನ್ನೇ. ಜೇಬಿಗೂ ಹಾಕಿಕೊಂಡೆ, ಸುಳ್ಳು ಹೇಳುವುದಿಲ್ಲ.

ಸಂಜೆ ರೇಂಜರ್ ಹತ್ತಿರ ಬಾಯಿಬಿಟ್ಟೆ. ಆಕೆ ಬೈಯಲಿಲ್ಲ. ‘ವರ್ಷಕ್ಕೆ ನಲವತ್ತು ಲಕ್ಷ ಜನ ಬರುತ್ತಾರೆ, ಒಬ್ಬೊಬ್ಬರೂ ಒಂದೊಂದು ತುಂಡು ಅಂದರೆ?’ ಅಂತ ಕೇಳಿದಳು ಅಷ್ಟೇ. ಮರುದಿನ ಹೋಗಿ ಅಲ್ಲೇ ಹಾಕಿ ಬಂದೆ. ವಾಪಸ್ ಇಡುವಾಗ ಅದು ಬಿದ್ದಿದ್ದ ಜಾಗದಲ್ಲಿ ಅದರದೇ ಆಕಾರದ ಗುಳಿ ಕಂಡಿತು. ಒಳಗೆ ಇರುವೆ ಓಡಾಡುತ್ತಿದ್ದವು. ಅಲ್ಲೇ ಕೂತು ಆ ಗುಳಿಯನ್ನು ಪೆನ್ಸಿಲ್‌ನಲ್ಲಿ ಬಿಡಿಸಿದೆ. ಎರಡು ವಾರದಲ್ಲಿ ನಾನು ಮಾಡಿದ ಮೊದಲ ಒಳ್ಳೆಯ ಚಿತ್ರ ಅದು.

ಒಂಬತ್ತನೇ ದಿನ ಇನ್ನೊಂದು ಆಯಿತು. ಜಗಲಿಯ ಮೆಟ್ಟಿಲ ಮೇಲೆ ದೊಡ್ಡ ಹಾಳೆಗೆ ಬೂದು ನೀಲಿ ತೆಳ್ಳಗೆ ಹರಡಿ ಒಳಗೆ ಚಹಾಕ್ಕೆ ಹೋಗಿದ್ದೆ. ಆಲಿಕಲ್ಲು ಶುರುವಾಯಿತು. ಓಡಿ ಬರುವಷ್ಟರಲ್ಲಿ ಹಸಿ ಬಣ್ಣದ ಮೇಲೆ ನೂರಾರು ಗುಂಡಿ. ಪ್ರತಿ ಆಲಿಕಲ್ಲು ಬಿದ್ದ ಕಡೆ ಬಣ್ಣ ಸರಿದು ಬಿಳಿ ಕಣ್ಣು, ಸುತ್ತ ಕಡು ನೀಲಿ ಅಂಚು. ಎತ್ತಿಕೊಳ್ಳಲಿಲ್ಲ. ನಿಲ್ಲುವ ತನಕ ಬಿಟ್ಟೆ. ಆಮೇಲೆ ಕಲ್ಲುಗಳು ಕರಗಿ ಹಾಳೆಯ ಮೇಲೇ ಸಣ್ಣ ಸಣ್ಣ ಹೊಳೆ ಹರಿಸಿದವು. ಪಾರ್ಕಿಗೆ ಕೊಡಲು ಮೂರು ಚಿತ್ರ ಮುಂದಿಟ್ಟೆ. ಲಾಂಗ್ಸ್ ಪೀಕ್ ಅನ್ನೇ ಆರಿಸುತ್ತಾರೆ ಅಂದುಕೊಂಡಿದ್ದೆ. ಆಲಿಕಲ್ಲಿನ ಹಾಳೆ ತೆಗೆದುಕೊಂಡರು.

ಹೀಗೆ ಹೇಳಿದೆ ಅಂತ ನೀವು ಹಾಳೆ ಹೊರಗಿಟ್ಟು ಆಲಿಕಲ್ಲಿಗೆ ಕಾಯಬೇಡಿ. ಮರುದಿನ ನಾನು ಕಾದೆ. ಬಿಸಿಲು ಬಿತ್ತು.

ನಿಮ್ಮ ಬೆಟ್ಟದ ಸಮಸ್ಯೆಗೆ ನನಗೆ ಅನ್ನಿಸುವುದು ಹೇಳುತ್ತೇನೆ, ತಪ್ಪಿದ್ದರೆ ಬಿಡಿ. ನಾನು ಚಿತ್ತಾರ ಬರೆದವಳಲ್ಲ, ಸಿರ್ಸಿ ಜಾತ್ರೆಯಲ್ಲಿ ನೋಡಿದ್ದು ಅಷ್ಟೇ. ಆದರೆ ಅದು ಕಂಡದ್ದನ್ನು ಕಂಡ ಹಾಗೆ ಮಾಡುವ ಕೆಲಸ ಅಲ್ಲ, ಅಲ್ವಾ? ಎಳೆ ಲೆಕ್ಕ ಮಾಡುವ ಕೆಲಸ. ಎಷ್ಟು ಎಳೆ, ಎಷ್ಟು ಜನ, ಎಷ್ಟು ಹಕ್ಕಿ. ಹಾಗಾದರೆ ಅಲ್ಲಿ ಲೆಕ್ಕಕ್ಕೆ ಸಿಗುವುದು ಏನಿದೆ ಅಂತ ನೋಡಿ. ಸೆಪ್ಟೆಂಬರ್ ಅಂದರೆ ಎಲ್ಕ್‌ಗಳ ಬೆದೆಯ ಕಾಲ. ನಮ್ಮ ಕಡವೆಯ ದೊಡ್ಡಣ್ಣ ಅನ್ನಬಹುದು. ಒಂದೊಂದು ಗಂಡೂ ಹೆಣ್ಣುಗಳ ಹಿಂಡು ಕಟ್ಟಿಕೊಂಡು ಮೊರೇನ್ ಪಾರ್ಕಿನಲ್ಲಿ ನಿಂತಿರುತ್ತದೆ. ಅದರ ಕೂಗು ಕೇಳಿದರೆ ಅಷ್ಟು ದೊಡ್ಡ ಪ್ರಾಣಿ ಸೀಟಿ ಹೊಡೆಯುತ್ತಿದೆ ಅಂತ ನಂಬಲಾರಿರಿ. ಸಾಲು ಸಾಲು ಹೆಣ್ಣುಗಳು, ನಡುವೆ ಕೊಂಬು. ನನಗಂತೂ ನಿಮ್ಮ ಗೋಡೆಯ ಥರವೇ ಕಾಣಿಸುತ್ತದೆ.

ಕೆಂಪು ಬಣ್ಣಕ್ಕೆ ಒಂದು ದಾರಿ ಇದೆ. ಡೆನ್ವರ್ ಕಡೆಯಿಂದ ಹೋಗುವಾಗ ಲಯನ್ಸ್ ಅನ್ನೋ ಊರು ಸಿಗುತ್ತದೆ. ಅಲ್ಲಿಯ ಮರಳುಗಲ್ಲು ಕೆಂಪು. ಗಣಿ ಇದೆ, ಕಲ್ಲಿನ ಅಂಗಡಿಗಳಿವೆ. ಒಡೆದ ಚೂರು ದುಡ್ಡು ಕೊಟ್ಟು ತಂದು ಕುಟ್ಟಿ ನೋಡಿದ್ದೇನೆ. ಬರೀ ಮರಳು ಮರಳು. ನೀರಿನಲ್ಲಿ ಕದಡಿ, ಮರಳು ತಳಕ್ಕೆ ಕೂತ ತಕ್ಷಣ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಅದರ ಕೆಂಪು ತಳಕ್ಕೆ ಕೂತ ಮೇಲೆ ಒಣಗಿಸಬೇಕು. ಒಂದು ಬಕೆಟ್ ಕಲ್ಲಿಗೆ ಒಂದು ಬಟ್ಟಲು ಬಣ್ಣ. ಅದೂ ಪೇಲವ, ನಮ್ಮ ಕೆಮ್ಮಣ್ಣಿನ ಗತ್ತಿಲ್ಲ. ಎರಡರಲ್ಲೂ ಕೆಂಪು ಕೊಡುವುದು ಕಬ್ಬಿಣದ ತುಕ್ಕೇ. ನಮ್ಮ ಜಂಬಿಟ್ಟಿಗೆಯಲ್ಲಿ ಜಾಸ್ತಿ, ಈ ಮರಳುಗಲ್ಲಿನಲ್ಲಿ ಕಡಿಮೆ. ಸಾಕು ಅನ್ನಿಸದಿದ್ದರೆ ಪೇಂಟ್ ಅಂಗಡಿಯಲ್ಲಿ ರೆಡ್ ಆಕ್ಸೈಡ್ ಪುಡಿ ಕೊಂಡು ಬೆರೆಸಿ, ಯಾರಿಗೂ ಹೇಳಬೇಡಿ.

ಅಂದ ಹಾಗೆ ಕೊಲೊರಾಡೊ ಅಂದರೆ ಸ್ಪ್ಯಾನಿಷ್‌ನಲ್ಲಿ ಕೆಂಪು ಬಣ್ಣದ್ದು ಅಂತ. ಹೊಳೆಯ ಕೆಸರು ನೋಡಿ ಇಟ್ಟ ಹೆಸರು. ಆ ಹೊಳೆ ಹುಟ್ಟುವುದು ಇದೇ ಪಾರ್ಕಿನ ಪಶ್ಚಿಮ ಭಾಗದಲ್ಲಿ. ಅಲ್ಲಿ ಮಾತ್ರ ನೀರು ಕನ್ನಡಿಯ ಹಾಗೆ ತಿಳಿ.

ಕಪ್ಪು ಬಾಲ್‌ಪೆನ್

ನನಗೆ ರೆಸಿಡೆನ್ಸಿಯೂ ಇಲ್ಲ, ಮರದ ಮನೆಯೂ ಇಲ್ಲ. ಬಿಎಂಟಿಸಿ ಪಾಸ್ ಇದೆ. ಹದಿನಾಲ್ಕು ವರ್ಷದಿಂದ ಭಾನುವಾರ ಭಾನುವಾರ ಲಾಲ್‌ಬಾಗಿನಲ್ಲಿ ಅದೇ ಬೂರುಗದ ಮರದ ಮುಂದೆ ಕೂರುತ್ತೇನೆ. ದೊಡ್ಡ ಬೇರು ಹಲಗೆಯ ಹಾಗೆ ಎದ್ದಿದೆಯಲ್ಲ, ಅದು.

ಎರಡು ವಾರ ಬಹಳ ಕಡಿಮೆ. ಅದಕ್ಕೇ ಹೇಳುವುದು, ಪಾರ್ಕ್ ಪೂರ್ತಿ ಸುತ್ತಬೇಡಿ. ಒಂದು ಜಾಗ ಹಿಡಿಯಿರಿ, ದಿನಾ ಅದೇ ಹೊತ್ತಿಗೆ ಹೋಗಿ, ನಲವತ್ತು ನಿಮಿಷ ಕೂತು ಎದ್ದು ಬನ್ನಿ. ಮೂರನೇ ದಿನ ಬೇಜಾರಾಗುತ್ತದೆ. ಐದನೇ ದಿನದ ಹೊತ್ತಿಗೆ ಬೇಜಾರು ಹೋಗಿ ಏನೋ ಕಾಣುತ್ತದೆ. ನನಗೆ ಆ ಮರದಲ್ಲಿ ಗಿಳಿಯ ಪೊಟರೆ ಕಂಡದ್ದು ಎರಡನೇ ವರ್ಷ. ಮೊದಲಿಂದಲೂ ಅಲ್ಲೇ ಇತ್ತು.

ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನು ಅಲ್ಲಲ್ಲೇ ನಿಂತು ಮಾಡಿದವರು. ಸ್ವಾತಂತ್ರ್ಯ ಹೋರಾಟಗಾರರೂ ಹೌದು. 1988ರಲ್ಲಿ ತೀರಿಕೊಂಡರು. ಅವರ ಗುಲ್‌ಮೊಹರ್ ನೋಡಿ. ಫೋಟೊ ನೋಡಿ ಮಾಡಿದ ಗುಲ್‌ಮೊಹರ್‌ನಲ್ಲಿ ಆ ಸೆಕೆ ಬರುವುದಿಲ್ಲ.

ಆಲಿಕಲ್ಲಿನ ಚಿತ್ರದ ಬಗ್ಗೆ ಒಂದು ಮಾತು. ಪೊಂಡೆರೋಸಾ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಇರುವೆ ಗುಳಿಯ ಚಿತ್ರವೇ ಜಾಸ್ತಿ ಇಷ್ಟವಾಗುತ್ತಿತ್ತು ಅನ್ನಿಸುತ್ತದೆ. ಆಲಿಕಲ್ಲು ಬಿದ್ದದ್ದು ಅದೃಷ್ಟ. ಗುಳಿ ನೋಡಿದ್ದು ನೀವು.

ಪೊಂಡೆರೋಸಾ

ಬೇಜಾರೇನಿಲ್ಲ. ಗುಳಿಯ ಚಿತ್ರ ಮನೆಯಲ್ಲೇ ಇದೆ. ಅದನ್ನು ಆ ಮೂರರಲ್ಲಿ ಇಟ್ಟಿರಲೇ ಇಲ್ಲ, ಅದಕ್ಕೆ ಕಾರಣ ಇಷ್ಟು ಹೊತ್ತು ನನಗೇ ಗೊತ್ತಿರಲಿಲ್ಲ.

ಸೊರಬದ ಸೀಗೆ

ತಂಗೀ, ನಿನ್ನ ಪ್ರಶ್ನೆ ಮಗ ಓದಿ ಹೇಳಿದ. ನಾನು ಹೇಳಿದ್ದನ್ನು ಅವನೇ ಟೈಪ್ ಮಾಡುತ್ತಿದ್ದಾನೆ.

ಮೊದಲು ಒಂದು ಕೇಳುತ್ತೇನೆ. ಹಸೆ ಬರೆಯೋದು ಮದುವೆಗೆ. ಗಂಡು ಹೆಣ್ಣು ಅದರ ಮುಂದೆ ಕೂರಬೇಕು, ಹೆಂಗಸರು ಹಾಡು ಹೇಳಬೇಕು. ಆ ಗುಡ್ಡದಲ್ಲಿ ಯಾರ ಮದುವೆ? ನಿನ್ನ ಕೈಗೆ ಬೆಟ್ಟ ಬಾರದೆ ಇರೋದಕ್ಕೆ ಅದೇ ಕಾರಣ ಇರಬಹುದು. ಬೆಟ್ಟ ಬರೆಯೋಕೆ ಬಾರದು ಅಂತಲ್ಲ, ಅದನ್ನು ಹಸೆಗೋಡೆಗೆ ಕರೆದರೆ ಬರೋದಿಲ್ಲ ಅಂತ.

ನಿನ್ನ ಅಜ್ಜಿ ಭೂಮಣ್ಣಿ ಬುಟ್ಟಿ ಬರೆಯೋದು ಕಲಿಸಲಿಲ್ಲವಾ? ಭೂಮಿ ಹುಣ್ಣಿಮೆಗೆ ಬರೆಯೋದು. ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಅಕ್ಕಿ ಬಿಳಿಯಲ್ಲಿ ಎಳೆ ಎಳೆಯುತ್ತೀವಲ್ಲ. ಗದ್ದೆ ಹೊಡೆ ತುಂಬಿದಾಗ ಭೂಮ್ತಾಯಿ ಬಸುರಿ. ಬಸುರಿಗೆ ಬಯಕೆ ಊಟ ಕೊಡಬೇಕು. ರಾತ್ರಿಯೆಲ್ಲ ಎದ್ದು ಅಡುಗೆ ಮಾಡಿ ಆ ಬುಟ್ಟಿಯಲ್ಲಿ ಇಟ್ಟುಕೊಂಡು ಬೆಳಗಿನ ಜಾವ ಗದ್ದೆಗೆ ಹೋಗಿ ಎಡೆ ಇಡುತ್ತೀವಿ, ಬೀರುತ್ತೀವಿ. ಹಕ್ಕಿಗೂ ಪಾಲು, ಇಲಿಗೂ ಪಾಲು. ಮಣ್ಣಿಗೋಸ್ಕರ ಬರೆಯೋ ಚಿತ್ತಾರ ನಮ್ಮಲ್ಲಿ ಮೊದಲಿಂದಲೂ ಉಂಟು. ನೀನು ಹೊಸದು ಏನೂ ಹುಡುಕಬೇಕಾಗಿಲ್ಲ.

ಬುಟ್ಟಿ ಬರಿ. ಅಕ್ಕಿ ರಾತ್ರಿ ನೆನೆಹಾಕು, ನುಣ್ಣಗೆ ಅರಿ, ದಿನಕ್ಕೆ ಎಷ್ಟು ಬೇಕೋ ಅಷ್ಟೇ. ಮರುದಿನಕ್ಕೆ ಹುಳಿ ಬರುತ್ತದೆ. ಪುಂಡಿ ನಾರು ಸಿಗದಿದ್ದರೆ ಸೆಣಬಿನ ದಾರದ ತುದಿ ಜಜ್ಜಿಕೋ.

ಭಾನುವಾರದ ವಾಲಂಟಿಯರ್

ನಾನೂ ಕೊಲೊರಾಡೊದವನೇ, ಬೇಸಿಗೆಯಲ್ಲಿ ಟ್ರೇಲ್‌ಗಳಲ್ಲಿ ವಾಲಂಟಿಯರ್ ಕೆಲಸ ಮಾಡುತ್ತೇನೆ. ಕಲೆ ಬಗ್ಗೆ ಹೇಳುವಷ್ಟು ಗೊತ್ತಿಲ್ಲ. ಬದುಕಿ ಬರುವುದರ ಬಗ್ಗೆ ಹೇಳುತ್ತೇನೆ.

ಮನೆ ಇರುವುದು ಸುಮಾರು 8,000 ಅಡಿ ಎತ್ತರದಲ್ಲಿ. ಡೆನ್ವರಿನವರಿಗೂ ಮೊದಲ ಎರಡು ದಿನ ತಲೆನೋವು ಬರಬಹುದು. ನೀರು ಕುಡಿಯಿರಿ, ಅವತ್ತೇ ಟ್ರೇಲ್ ರಿಡ್ಜ್ ರೋಡ್ ಹತ್ತಬೇಡಿ. ಆ ರಸ್ತೆ 12,183 ಅಡಿವರೆಗೆ ಹೋಗುತ್ತದೆ. ಮೇಲೆ ಮರ ಇಲ್ಲ, ಬರೀ ಟಂಡ್ರಾ. ಮಧ್ಯಾಹ್ನದ ಮೇಲೆ ಗುಡುಗು ಬಂದರೆ ಅಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಮತ್ತು ನಿಮ್ಮ ಈಸೆಲ್. ಬೆಳಿಗ್ಗೆ ಹೋಗಿ ಬೆಳಿಗ್ಗೆಯೇ ಇಳಿಯಿರಿ. ಗಿಡಗಳು ಅಂಗೈಯಷ್ಟು ಇರುತ್ತವೆ, ಆದರೆ ಅಷ್ಟಾಗಲು ವರ್ಷಗಟ್ಟಲೆ ತೆಗೆದುಕೊಂಡಿರುತ್ತವೆ. ದಾರಿ ಬಿಟ್ಟು ಕೂರಬೇಡಿ.

ಎಲ್ಕ್‌ನಿಂದ 75 ಅಡಿ, ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಮತ್ತು ಕರಡಿಯಿಂದ 120 ಅಡಿ ದೂರ ಇರಬೇಕು. ಬೆದೆಯ ಕಾಲದಲ್ಲಿ ಸಂಜೆಯಿಂದ ಬೆಳಗಿನವರೆಗೆ ಹುಲ್ಲುಗಾವಲಿಗೆ ಕಾಲಿಡಲು ಬಿಡುವುದಿಲ್ಲ. ರಸ್ತೆಯ ಅಂಚಿನಲ್ಲೇ ಕೂತು ಬರೆಯಿರಿ.

ಅಡುಗೆಗೆ ಕುಕ್ಕರ್ ಒಯ್ಯಿರಿ. ಆ ಎತ್ತರದಲ್ಲಿ ನೀರು 92 ಡಿಗ್ರಿ ಹತ್ತಿರವೇ ಕುದಿಯುತ್ತದೆ. ತೊಗರಿಬೇಳೆ ಪಾತ್ರೆಯಲ್ಲಿಟ್ಟರೆ ಎರಡು ವಾರವೂ ಬೇಯುತ್ತಲೇ ಇರುತ್ತದೆ.

ಈಗ ಮುಖ್ಯ ವಿಷಯ. ಸೀಗೆ ಅಮ್ಮ ಹೇಳಿದ್ದು ಓದಿ ನನಗೂ ನಮ್ಮೂರ ನೆನಪಾಯಿತು. ಆದರೆ ಪಾರ್ಕಿನಲ್ಲಿ ಒಂದು ಅಗುಳು ಅನ್ನವನ್ನೂ ನೆಲಕ್ಕೆ ಹಾಕುವಂತಿಲ್ಲ. ಹಕ್ಕಿಗೆ ಇಲ್ಲ, ಅಳಿಲಿಗೂ ಇಲ್ಲ. ನೆಲದ ಮೇಲೆ ಅಕ್ಕಿ ಹಿಟ್ಟಿನ ರಂಗೋಲಿ ಕೂಡ ಬೇಡ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ. ವಾಸನೆ ಬರುವುದೆಲ್ಲ ರಾತ್ರಿ ಭದ್ರವಾಗಿ ಒಳಗೆ ಇರಬೇಕು. ಟೂತ್‌ಪೇಸ್ಟ್ ಕೂಡ. ಆ ಲೆಕ್ಕದಲ್ಲಿ ನಿಮ್ಮ ಬಿಳಿ ಬಣ್ಣವೂ ಊಟವೇ.

ಕೆಮ್ಮಣ್ಣು

ಅಯ್ಯೋ, ಎಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. ಅಮ್ಮ ಆಗಲೇ ಪಾರ್ಸೆಲ್ ಕಟ್ಟಿ ಇಟ್ಟಿದ್ದರಂತೆ, ಈಗ ಅದನ್ನು ಬಿಚ್ಚಿ ತುಳಸಿಕಟ್ಟೆಗೆ ಬಳಿದರಂತೆ.

ಸೀಗೆ ಅಕ್ಕಾ, ಅಜ್ಜಿ ಬುಟ್ಟಿ ಬರೆಯೋದು ಕಲಿಸಿದ್ದರು. ನನಗೇ ಮರೆತುಹೋಗಿತ್ತು. ಮರೆತೆ ಅನ್ನುವುದಕ್ಕಿಂತ, ಅರ್ಜಿ ಬರೆಯುವಾಗ ಬುಟ್ಟಿ ಸಣ್ಣದು ಅನ್ನಿಸಿತ್ತು. ನ್ಯಾಷನಲ್ ಪಾರ್ಕಿಗೆ ಗೋಡೆಯೇ ಬೇಕು ಅಂದುಕೊಂಡಿದ್ದೆ. ಹೋಗಿ ಬಂದು ಬರೆಯುತ್ತೇನೆ.

ಕೆಮ್ಮಣ್ಣು

ಬಂದೆ! ಮೂರು ದಿನವಾಯಿತು. ಇನ್ನೂ ಬೆಳಗಿನ ಜಾವ ಎಲ್ಕ್ ಕೂಗಿದ ಹಾಗಾಗಿ ಎಚ್ಚರವಾಗುತ್ತದೆ. ಎದ್ದು ನೋಡಿದರೆ ಪಕ್ಕದ ಮನೆಯವರ ಗ್ಯಾರೇಜ್ ಬಾಗಿಲು.

ಹನ್ನೆರಡು ಶಿಖರ ಬರೆಯಲಿಲ್ಲ. ಪಾರ್ಕಿನವರಿಗೆ ಮೊದಲ ದಿನವೇ ಹೇಳಿದೆ, ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಅರ್ಜಿಯಲ್ಲಿ ಬರೆದದ್ದನ್ನೇ ಮಾಡುವವರು ಕಡಿಮೆ ಅಂತ ನಕ್ಕರು.

ಬಾಲ್‌ಪೆನ್ ಅವರು ಹೇಳಿದ ಹಾಗೆ ಒಂದೇ ಜಾಗ ಹಿಡಿದೆ. ಹುಲ್ಲುಗಾವಲಿನ ಪಕ್ಕದ ರಸ್ತೆಯ ತಿರುವು, ದಿನಾ ಸಂಜೆ. ಒಂದು ಗಂಡು ಎಲ್ಕ್, ಅದರ ಹಿಂಡು. ಮೊದಲ ದಿನ ಲೆಕ್ಕ ಹಾಕಿದಾಗ ಹೆಣ್ಣು ಹದಿನೇಳು. ಮರುದಿನ ಹದಿನೇಳು. ಮೂರನೇ ದಿನ ಹದಿನಾಲ್ಕು. ಹೊಳೆಯಾಚೆ ಇನ್ನೊಂದು ಗಂಡು ನಿಂತಿತ್ತು, ಅದರ ಹತ್ತಿರ ಮೂರು. ಐದನೇ ದಿನ ನಮ್ಮವನಿಗೆ ಒಂಬತ್ತೇ. ಪಾಪ, ಆ ಗಂಡು ಕೂಗಿ ಕೂಗಿ ಗಂಟಲು ಒಡೆದುಕೊಂಡಿತ್ತು, ಮೇಯುವುದಕ್ಕೂ ಪುರುಸೊತ್ತಿಲ್ಲ. ಕೊನೆಯ ಸಂಜೆ ಹನ್ನೊಂದು. ದಿನಕ್ಕೊಂದು ಸಾಲು ಬರೆದೆ, ಆ ದಿನ ಎಷ್ಟಿದ್ದವೋ ಅಷ್ಟೇ. ಮಗ್ಗುಲಿಗೆ ಮಗ್ಗುಲು, ಒಂದೇ ಎಳೆಯಲ್ಲಿ. ಹದಿಮೂರು ಸಾಲು. ಒಂದು ದಿನ ಮಂಜು ಮುಚ್ಚಿ ಏನೂ ಕಾಣಲಿಲ್ಲ, ಆ ಸಾಲು ಖಾಲಿ ಬಿಟ್ಟೆ. ದೂರದಿಂದ ನೋಡಿದರೆ ಹಸೆಗೋಡೆಯ ಜನಸಾಲಿನ ಹಾಗೇ ಕಾಣುತ್ತದೆ. ಹತ್ತಿರ ಬಂದರೆ ಸಂಸಾರದ ಲೆಕ್ಕದ ಪುಸ್ತಕ.

ಬುಟ್ಟಿಯೂ ಬರೆದೆ. ಬಿದಿರಿನದು ಸಿಗಲಿಲ್ಲ, ಹಳೇ ಸಾಮಾನಿನ ಅಂಗಡಿಯಲ್ಲಿ ಬೆತ್ತದ್ದು ನಾಲ್ಕು ಡಾಲರ್‌ಗೆ ಸಿಕ್ಕಿತು. ಲಯನ್ಸ್‌ನಲ್ಲಿ ಕಲ್ಲಿನ ಚೂರು ಕೊಂಡೆ. ಪೊಂಡೆರೋಸಾ ಅಕ್ಕ ಹೇಳಿದ್ದು ಸರಿ, ಬರೀ ಮರಳು. ಕುಟ್ಟಿ, ಸೋಸಿ, ಬಗ್ಗಿಸಿ ಎರಡು ದಿನ ಹೋಯಿತು. ಬಣ್ಣ ಬಂದದ್ದು ಅಜ್ಜಿಯ ಕೆಮ್ಮಣ್ಣಲ್ಲ, ಹಳೇ ಸೀರೆಯ ಗುಲಾಬಿ. ಅದನ್ನೇ ಬಳಿದೆ. ರೆಡ್ ಆಕ್ಸೈಡ್ ಬೆರೆಸಲಿಲ್ಲ, ಆಣೆ. ಕಪ್ಪಿಗೆ ಅಕ್ಕಿ ಮನೆಯಲ್ಲೇ ಸುಟ್ಟುಕೊಂಡು ಹೋಗಿದ್ದೆ. ಅಲ್ಲಿ ಸುಟ್ಟಿದ್ದರೆ ಹೊಗೆಗೆ ಅಲಾರಂ ಕೂಗಿ ರೇಂಜರ್ ಓಡಿ ಬರುತ್ತಿದ್ದರು.

ಒಣ ಗಾಳಿಗೆ ಬಿಳಿ ಬೇಗ ಒಣಗುತ್ತದೆ. ಕುಂಚ ಬುಟ್ಟಿಗೆ ತಾಗುವಷ್ಟರಲ್ಲಿ ತುದಿ ಗಟ್ಟಿ. ಊರಿನಲ್ಲಿ ಒಂದು ಉಸಿರಿಗೆ ಎಳೆಯುವ ಎಳೆ ಅಲ್ಲಿ ನಾಲ್ಕು ತುಂಡಾಯಿತು. ಕೊನೆಗೆ ಬೆಳಿಗ್ಗೆ ಇಬ್ಬನಿ ಇರುವಾಗ, ಆರು ಗಂಟೆಗೆ, ಜಗಲಿಯಲ್ಲಿ ಸ್ವೆಟರ್ ಹಾಕಿಕೊಂಡು ಬರೆದೆ. ಭೂಮಿ ಹುಣ್ಣಿಮೆಗೂ ಆ ಹೊತ್ತಿಗೇ ಏಳುವುದಲ್ವಾ ಅಂತ ಆಮೇಲೆ ಹೊಳೆಯಿತು. ಕೈ ಮರಗಟ್ಟಿ ಎಳೆ ಅಲ್ಲಲ್ಲಿ ಸೊಟ್ಟ ಆಗಿದೆ.

ಬುಟ್ಟಿಯ ಕೆಳ ಅಂಚಿಗೆ ತ್ರಿಕೋನದ ಸಾಲು ಬರುತ್ತದಲ್ಲ, ಅದನ್ನು ಬರೆದು ತಲೆ ಎತ್ತಿದರೆ ಎದುರಿಗೂ ಅದೇ ಸಾಲು. ನಾನಾಗಿ ಬರೆದದ್ದಲ್ಲ, ಅದಾಗೇ ಬಂತು. ಸಮೋಸ ಅಂತೂ ಅನ್ನಿಸಲಿಲ್ಲ.

ವಾಲಂಟಿಯರ್ ಅಣ್ಣ, ನೀವು ಹೇಳಿದ್ದು ತಮಾಷೆ ಅಂದುಕೊಂಡಿದ್ದೆ. ರೇಂಜರ್ ಬುಟ್ಟಿಯನ್ನು ಮೂಗಿಗೆ ಹಿಡಿದು ನೋಡಿ, ‘ಇದು ಹೊರಗೆ ಇರುವಂತಿಲ್ಲ’ ಅಂದಳು. ಹಾಗಾಗಿ ಭೂಮಣ್ಣಿ ಬುಟ್ಟಿ ಪ್ರತಿ ರಾತ್ರಿ ಬೇಳೆ ಡಬ್ಬಿ, ಟೂತ್‌ಪೇಸ್ಟ್ ಜೊತೆ ಅಡುಗೆಮನೆಯ ಕಪಾಟಿನೊಳಗೆ ಮಲಗಿತು.

ಎರಡನೇ ಮಾತಿನ ದಿನ ಬುಟ್ಟಿ ಮುಂದಿಟ್ಟು ಬಯಕೆ ಊಟದ ಕಥೆ ಹೇಳಿದೆ. ಮೂವತ್ತು ಜನ ಇದ್ದರು. ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬರು ಎದ್ದು ಬಂದು ಒಳಗೆ ಇಣುಕಿದರು. ಖಾಲಿ. ಇಲ್ಲಿ ಊಟ ಇಡುವಂತಿಲ್ಲ ಅಂದೆ. ‘ಗೊತ್ತು, ಆ ನಿಯಮ ನಾನೇ ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿದ್ದೇನೆ’ ಅಂದರು. ನಿವೃತ್ತ ರೇಂಜರ್ ಅಂತೆ. ಆಮೇಲೆ ನಮ್ಮಲ್ಲಿ ಅಡುಗೆಗೆ ಏನೇನು ಸೊಪ್ಪು ಹಾಕುತ್ತಾರೆ, ಎಷ್ಟು ಬಗೆ ಅಂತ ಒಂದೊಂದಾಗಿ ಕೇಳಿ ಚೀಟಿಯಲ್ಲಿ ಬರೆದುಕೊಂಡರು. ಅರ್ಧದಷ್ಟಕ್ಕೆ ಇಂಗ್ಲಿಷ್ ಹೆಸರು ನನಗೆ ಗೊತ್ತಿರಲಿಲ್ಲ. ಕನ್ನಡದಲ್ಲೇ ಹೇಳಿದೆ, ಅವರು ಹೇಗೋ ಬರೆದುಕೊಂಡರು.

ಪಾರ್ಕಿಗೆ ಎಲ್ಕ್ ಸಾಲು ಕೊಡೋಣ ಅಂತಿದ್ದೆ. ಅವರಿಗೆ ಬುಟ್ಟಿ ಬೇಕಂತೆ. ಆದರೆ ಅಕ್ಕಿ ಬಣ್ಣಕ್ಕೆ ಹುಳು ಬಂದರೆ ಉಗ್ರಾಣದಲ್ಲಿರುವ ಬೇರೆ ಕೃತಿಗಳಿಗೂ ಹತ್ತುತ್ತದೆ ಅಂತ ಯೋಚನೆ ಮಾಡುತ್ತಿದ್ದಾರೆ. ಸೀಗೆ ಅಕ್ಕಾ, ಅಕ್ಕಿ ಬಿಳಿಗೆ ಹುಳು ಬಾರದ ಹಾಗೆ ನಿಮ್ಮಲ್ಲಿ ಏನಾದರೂ ಬೆರೆಸುತ್ತೀರಾ? ಬುಟ್ಟಿ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ?

ಸೊರಬದ ಸೀಗೆ

ಏನೂ ಬೆರೆಸೋದಿಲ್ಲ ತಂಗಿ. ನಮ್ಮನೇಲಿ ಬುಟ್ಟಿ ಅಟ್ಟದ ಮೇಲಿರುತ್ತದೆ, ಬಿಳಿಯನ್ನು ಜಿರಲೆ ತಿಂದಿರುತ್ತದೆ. ಮುಂದಿನ ಹುಣ್ಣಿಮೆಗೆ ಇಳಿಸಿ, ಮತ್ತೆ ಕೆಮ್ಮಣ್ಣು ಬಳಿದು ಹೊಸದಾಗಿ ಬರೀತೀವಿ. ಅವರಿಗೆ ಅಷ್ಟು ಬೇಕು ಅಂದರೆ ವರ್ಷಕ್ಕೊಂದು ಸಲ ನಿನ್ನನ್ನು ಕರೆಸಿಕೊಳ್ಳಲಿ.

ಫೋಟೊ ಹಾಕು. ಮಗ ಹತ್ತು ಸಲ ಕೇಳಿದ. ಸೊಟ್ಟ ಎಳೆ ಇರೋ ಕಡೆಯಿಂದಲೇ ತೆಗಿ.